ನಾಯಿಯೊಡನೆ ನಡೆಯತಕ್ಕ ದಾರಿಗಳು

ನಾಯಿಯನ್ನು ಸಾಕುವ ಗೃಹಸ್ಥರು ಅದರ ಅನ್ನದ ವಿಷಯದಲ್ಲಿ ತೋರುವ ಎಚ್ಚರವನ್ನು ಅದರ ನಡಿಗೆಯ ವಿಷಯದಲ್ಲಿ ತೋರುವುದು ಅಪೂರ್ವ. ಎರಡು ಹೊತ್ತು ಅನ್ನವಿಟ್ಟು, ಚಳಿಗಾಲದಲ್ಲಿ ಗೋಣಿತಟ್ಟು ಹಾಸಿ, ಕೊರಳಿಗೆ ಒಳ್ಳೆಯದೊಂದು ಪಟ್ಟಿಯನ್ನು ಕಟ್ಟಿದರೆ ಯಜಮಾನನ ಕರ್ತವ್ಯ ಮುಗಿಯಿತೆಂದು ಎಣಿಸುವವರೇ ಹೆಚ್ಚು. ಆ ಪಟ್ಟಿಗೆ ಸಿಕ್ಕಿಸಿದ ಸರಪಳಿಯ ಇನ್ನೊಂದು ತುದಿ ಜಗಲಿಯ ಕಂಬಕ್ಕೆ ಬಿಗಿದಿರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕಂಬದ ಸುತ್ತಲಿನ ನಾಲ್ಕು ಮೊಳದ ನೆಲವೇ ಆ ಪ್ರಾಣಿಯ ಪ್ರಪಂಚ. ಹೀಗೆ ಕಟ್ಟಿಹಾಕಿದ ನಾಯಿ ಸಿಡುಕಿನದಾಗುತ್ತದೆ; ಬಂದವರನ್ನೆಲ್ಲ ಕಂಡು ಬೊಗಳುತ್ತದೆ; ಮೈಯಲ್ಲಿ ಕೊಬ್ಬು ಬೆಳೆದು ಅಕಾಲದಲ್ಲಿ ಮುಪ್ಪಾಗುತ್ತದೆ. ಇದು ಕನಿಕರದ ಮಾತಷ್ಟೇ ಎಂದು ತಿಳಿಯಬಾರದು. ಕಾನೂನಿನ ಮಾತೂ ಹೌದು. ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ೧೧ನೆಯ ಕಲಮು ಯಾವ ಯಾವ ನಡತೆಗಳು ಹಿಂಸೆಯೆನಿಸುವುವೆಂದು ಒಂದೊಂದಾಗಿ ಎಣಿಸುತ್ತದೆ. ಹೊಡೆತ ಬಡಿತಗಳ ಜೊತೆಯಲ್ಲಿಯೇ, ಸದಾ ಸರಪಳಿಯಲ್ಲಿ ಕಟ್ಟಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದೆ ಇರುವುದನ್ನೂ ಅದು ಆ ಪಟ್ಟಿಯಲ್ಲಿ ಸೇರಿಸಿದೆ. ಆದುದರಿಂದ ನಡಿಗೆಯೆಂಬುದು ನಾಯಿಗೆ ನಾವು ಮಾಡುವ ಉಪಕಾರವಲ್ಲ. ಅದಕ್ಕೆ ಸಲ್ಲಬೇಕಾದ ಬಾಕಿ.

ನಾಯಿಯೂ ಮನುಷ್ಯನೂ ಜೊತೆಯಾಗಿ ನಡೆಯುವುದು ನಮ್ಮವರಿಗೆ ಹೊಸದಾದ ಸಂಗತಿಯಲ್ಲ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ಹಸ್ತಿನಾವತಿಯನ್ನು ಬಿಟ್ಟು ಹೊರಟಾಗ ಒಂದು ನಾಯಿ ಅವರ ಬೆನ್ನುಹತ್ತಿತು. ದ್ರೌಪದಿಯೂ ನಾಲ್ವರು ತಮ್ಮಂದಿರೂ ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದರು; ನಾಯಿ ಮಾತ್ರ ಧರ್ಮರಾಯನ ಹಿಂದೆ ನಡೆಯುತ್ತಲೇ ಇತ್ತು. ಅದನ್ನು ಬಿಟ್ಟು ರಥವನ್ನೇರೆಂದು ಇಂದ್ರನು ಹೇಳಿದಾಗ ಧರ್ಮರಾಯನು ಒಪ್ಪಲಿಲ್ಲವೆಂಬುದು ಮನೆಮನೆಯ ಮಕ್ಕಳಿಗೂ ತಿಳಿದ ಕಥೆ. ಕನ್ನಡನಾಡಿನ ಮಣ್ಣಿನಲ್ಲಿಯೇ ಇನ್ನೊಂದು ಸಾಕ್ಷಿಯುಂಟು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ. ಶ. ೯೪೯–೫೦ರ ಶಾಸನವು ಕಾಳಿಯೆಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದಾಗ, ಗಂಗ ಬೂತುಗನ ಕಡೆಯ ವೀರನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದನು. ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ; ಕಾಳಿಯನ್ನು ಕೇಳಿದನು. ಮುಂದೆ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟರು. ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಎರಡು ನಾಯಿಗಳಲ್ಲಿಯೂ ನಾವು ಗಮನಿಸಬೇಕಾದ ಒಂದು ಗುಣವಿದೆ. ಹಿಮಾಲಯದ ದಾರಿಯಲ್ಲಿ ನಡೆದ ನಾಯಿ ‘ಇನ್ನು ಸಾಕು’ ಎನ್ನಲಿಲ್ಲ. ಹಂದಿಯ ಎದುರಿಗೆ ಬಿಟ್ಟ ಕಾಳಿಯೂ ‘ಒಲ್ಲೆ’ ಎನ್ನಲಿಲ್ಲ. ಇಂದು ನಮ್ಮ ಜಗಲಿಯಲ್ಲಿ ಮಲಗಿರುವ ನಾಯಿಯೂ ಅದೇ ಸ್ವಭಾವದ್ದು. ಮನುಷ್ಯನಿಗೆ ಆಯಾಸವಾದರೆ ಕುಳಿತುಬಿಡುತ್ತಾನೆ, ಕುದುರೆ ಮೊಂಡು ಹಿಡಿದು ನಿಲ್ಲುತ್ತದೆ, ಎತ್ತು ಮಲಗಿಬಿಡುತ್ತದೆ. ನಾಯಿಯಾದರೋ ಯಜಮಾನನು ನಡೆಯುವವರೆಗೂ ನಡೆಯುತ್ತದೆ. ಎಷ್ಟೋ ಸಲ ಬೀಳುವ ಗಳಿಗೆಯವರೆಗೂ ಬಾಲವನ್ನಾಡಿಸುತ್ತಲೇ ಇರುತ್ತದೆ. ದಾರಿಯನ್ನು ಆರಿಸುವವರು ನಾವು. ಆ ದಾರಿಯ ಫಲವನ್ನು ಉಣ್ಣುವುದು ಅದು. ಆದಕಾರಣ ನಾಯಿಯೊಡನೆ ಹೊರಡುವವರು ದಾರಿಯನ್ನು ತಮ್ಮ ಕಣ್ಣಿನಿಂದ ಅಳೆಯದೆ ನಾಯಿಯ ಮೈಯಿಂದ ಅಳೆಯಬೇಕೆಂಬುದೇ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು. ನೆರಳಿದೆಯೆ, ನೀರಿದೆಯೆ, ನೆಲ ಕಾಲಿಗೆ ಹಿತವೆ, ಆ ದಾರಿಯಲ್ಲಿ ಇನ್ನಾರು ನಡೆಯುತ್ತಾರೆ: ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಬಳಿಕ ಬೆಟ್ಟದ ಸೊಬಗನ್ನು ಕುರಿತು ಯೋಚಿಸಬಹುದು.

ಮೊದಲನೆಯದಾಗಿ ಬಿಸಿಲಿನ ವಿಷಯ. ನಮಗೆ ಸೆಕೆಯಾದರೆ ಮೈಯೆಲ್ಲ ಬೆವರಿ ತಂಪಾಗುತ್ತದೆ. ನಾಯಿ ಬೆವರುವುದು ಬಹುಮಟ್ಟಿಗೆ ಅಂಗಾಲುಗಳಲ್ಲಿ ಮಾತ್ರ. ಅದರಿಂದ ಆಗುವ ಪ್ರಯೋಜನ ಅತ್ಯಲ್ಪ. ಅದು ತನ್ನ ಕಾವನ್ನು ಹೊರಹಾಕುವುದು ಏದುವುದರಿಂದ, ಎಂದರೆ ನಾಲಗೆಯನ್ನು ಚಾಚಿ ಬೇಗಬೇಗನೆ ಉಸಿರಾಡುವುದರಿಂದ. ಗಾಳಿಯೇ ಬಿಸಿಯಾಗಿರುವಾಗ ಅಥವಾ ಕರಾವಳಿಯಲ್ಲಿರುವಂತೆ ತೇವವಾಗಿರುವಾಗ ಈ ಉಪಾಯವೂ ಸೋಲುತ್ತದೆ. ಆರೋಗ್ಯವಂತ ನಾಯಿಯ ಮೈಕಾವು ೧೦೧ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್. ಅದು ೧೦೬ ಡಿಗ್ರಿಯನ್ನು ಮುಟ್ಟಿತೆಂದರೆ ಪ್ರಾಣಕ್ಕೆ ಸಂಚಕಾರ. ಪಗ್, ಬುಲ್‌ಡಾಗ್ ಮುಂತಾದ ಮೊಂಡುಮೂಗಿನ ಜಾತಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟಾದುದರಿಂದ ಅವಕ್ಕೆ ಅಪಾಯವು ಎಲ್ಲರಿಗಿಂತ ಮೊದಲು ಬರುತ್ತದೆ. ಹಿಮದ ನಾಡಿನಿಂದ ಬಂದ ದಟ್ಟಗೂದಲಿನ ನಾಯಿಗಳನ್ನು ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಓಡಾಡಿಸುವುದೂ ಅಷ್ಟೇ ಕ್ರೂರ.

ನೆಲವು ಕಾದಿದೆಯೆ ಎಂಬುದನ್ನು ತಿಳಿಯುವ ಉಪಾಯ ಸುಲಭವಾಗಿದೆ. ಅಂಗೈಯ ಹಿಂಭಾಗವನ್ನು ದಾರಿಯ ಮೇಲೆ ಒತ್ತಿ ಏಳು ಎಣಿಸಬೇಕು. ನಮ್ಮ ಕೈ ತಡೆಯದಿದ್ದರೆ ನಾಯಿಯ ಕಾಲೂ ತಡೆಯದು. ಡಾಂಬರು ರಸ್ತೆಯೂ ಕರಿಯ ಬಂಡೆಯೂ ಸೂರ್ಯಾಸ್ತದ ಬಳಿಕವೂ ಬಹಳ ಹೊತ್ತು ಕಾವನ್ನು ಹಿಡಿದಿರುತ್ತವೆ. ಹುಲ್ಲೂ ಮಣ್ಣೂ ಬೇಗ ಆರುತ್ತವೆ. ಆದುದರಿಂದ ಬೇಸಗೆಯಲ್ಲಿ ಸಂಜೆಯ ನಡಿಗೆಗಿಂತ ಮುಂಜಾವದ ನಡಿಗೆ ಲೇಸು. ವರ್ಷದಲ್ಲಿ ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳು ದೂರದ ನಡಿಗೆಗೆ ತಕ್ಕವು.

ಇಷ್ಟಾದರೂ ಆಪತ್ತು ಬಂದರೆ ಏನು ಮಾಡಬೇಕೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ನಾಲಗೆ ಕಡುಗೆಂಪಾಗುವುದು, ಜೊಲ್ಲು ಗಟ್ಟಿಯಾಗಿ ನೂಲಿನಂತೆ ಇಳಿಯುವುದು, ಹೆಜ್ಜೆ ತಡವರಿಸುವುದು, ವಾಂತಿ, ಹೆಸರು ಹಿಡಿದು ಕರೆದರೂ ತಿರುಗಿ ನೋಡದಿರುವುದು: ಇವು ಬಿಸಿಲಿನ ಹೊಡೆತದ ಚಿಹ್ನೆಗಳು. ಕೂಡಲೆ ನೆರಳಿಗೆ ಒಯ್ದು ಮೈಮೇಲೆಲ್ಲ ನೀರು ಸುರಿಯಬೇಕು, ಹೊಟ್ಟೆ, ತೊಡೆಯ ಸಂದು, ಅಂಗಾಲುಗಳನ್ನು ಚೆನ್ನಾಗಿ ನೆನೆಸಬೇಕು, ಬಟ್ಟೆಯಿಂದ ಬೀಸುತ್ತಿರಬೇಕು. ಒದ್ದೆ ಬಟ್ಟೆಯನ್ನು ಮೈಮೇಲೆ ಹೊದಿಸಿ ಹಾಗೆಯೇ ಬಿಡಬಾರದು. ಅದು ಕಾವನ್ನು ಒಳಗೇ ತಡೆಯುತ್ತದೆ. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರನ್ನು ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು. ಹೀಗೆ ತಂಪು ಮಾಡಿದ ಬಳಿಕವೇ ಪಶುವೈದ್ಯರ ಬಳಿಗೆ ಹೊರಡಬೇಕು. ನಾಯಿ ಎದ್ದು ನಿಂತು ಸರಿಹೋದಂತೆ ಕಂಡರೂ ವೈದ್ಯರಿಗೆ ತೋರಿಸದೆ ಬಿಡಬಾರದು. ಒಳಗಿನ ಅಂಗಗಳಿಗೆ ಆದ ಹಾನಿ ಒಂದೆರಡು ದಿನಗಳ ಅನಂತರ ಹೊರಬೀಳುವುದುಂಟು.

ಇನ್ನು ದಾರಿಗಳನ್ನು ಸೀಮೆ ಸೀಮೆಯಾಗಿ ನೋಡೋಣ. ಬಯಲುಸೀಮೆಯವರು ಒಳ್ಳೆಯ ದಾರಿಗಾಗಿ ದೂರ ಹೋಗಬೇಕಾಗಿಲ್ಲ. ಹಳ್ಳಿಹಳ್ಳಿಗೂ ಹಿಂದಿನವರು ಕಟ್ಟಿಸಿದ ಕೆರೆಯಿದೆ; ಕೆರೆಗೆ ಏರಿಯಿದೆ; ಏರಿಯ ಮೇಲೆ ಹೊಂಗೆ ಹುಣಿಸೆ ಆಲದ ಮರಗಳಿವೆ. ನಾಯಿಯ ಮಟ್ಟಿಗೆ ಇದಕ್ಕಿಂತ ಉತ್ತಮವಾದ ವಿಹಾರಸ್ಥಳವನ್ನು ಹುಡುಕುವುದು ಕಷ್ಟ. ನೆಲ ಮಣ್ಣಿನದು, ಏರಿಳಿತವಿಲ್ಲ, ನೀರು ಪಕ್ಕದಲ್ಲಿದೆ, ಎರಡು ಕಡೆಯೂ ದೂರದವರೆಗೆ ಕಾಣುತ್ತದೆ. ಕೆರೆಯ ನೀರು ಹರಿದು ತುಂಬಿರುವಾಗ ಚಿಂತೆಯಿಲ್ಲ; ಬೇಸಗೆಯಲ್ಲಿ ಬತ್ತಿ, ಹಸಿರು ಪಾಚಿ ಬಣ್ಣದಂತೆ ತೇಲುತ್ತಿರುವಾಗ ಆ ನೀರನ್ನು ಕುಡಿಯಗೊಡಬಾರದು; ಅಂತಹ ಪಾಚಿಗಳಲ್ಲಿ ಕೆಲವು ವಿಷಪೂರಿತವಾದುವು. ನಿಂತ ಕೊಚ್ಚೆಯ ನೀರಿನಿಂದ ಇಲಿಜ್ವರವೂ ನಾಯಿಗೆ ತಗಲುತ್ತದೆ. ಅದು ನಾಯಿಯಿಂದ ಮನುಷ್ಯನಿಗೆ ಬರುವುದೂ ಉಂಟು.

ಏರಿಯನ್ನು ಬಿಟ್ಟರೆ ಹೊಲಗಳ ನಡುವಣ ಬಂಡಿಜಾಡು ಒಳ್ಳೆಯದು. ಆದರೆ ಅಲ್ಲಿ ನೆಗ್ಗಿಲ ಮುಳ್ಳಿರುತ್ತದೆ, ಜಾಲಿಯ ಮುಳ್ಳಿರುತ್ತದೆ. ಮಳೆಗಾಲ ಕಳೆದ ಮೇಲೆ ಹುಲ್ಲಿನ ಮೊನಚಾದ ಬೀಜಗಳು ಕೂದಲಿನಲ್ಲಿ ಸಿಕ್ಕಿ, ಬೆರಳುಗಳ ಸಂದಿಗೂ ಕಿವಿಯೊಳಕ್ಕೂ ಇಳಿದು ಕೀವು ಮಾಡುತ್ತವೆ. ನಾಯಿಯು ನಡುದಾರಿಯಲ್ಲಿ ನಿಂತು ಕಾಲು ನೆಕ್ಕಿದರೆ ಗದರಿಸಿ ಎಳೆಯದೆ, ಕುಳಿತು ಆ ಕಾಲನ್ನು ಎತ್ತಿ ನೋಡಬೇಕು. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ ಇವೆಲ್ಲವೂ ಹೊಲದ ಬದುಗಳಲ್ಲಿರುವ ಜೀವಿಗಳೇ. ಬಿಲ ಕಂಡಲ್ಲಿ ಮೂಗು ತೂರಿಸುವುದು ನಾಯಿಯ ಸ್ವಭಾವ. ಹಗ್ಗವನ್ನು ಕೈಯಲ್ಲಿ ಹಿಡಿದಿರುವುದೊಂದೇ ಅದಕ್ಕೆ ಪರಿಹಾರ.

ಹಗ್ಗದ ಮಾತು ಬಂದುದರಿಂದ ಮುಧೋಳದ ನಾಯಿಯನ್ನು ಇಲ್ಲಿಯೇ ನೆನೆಯುವುದು ಉಚಿತ. ಕನ್ನಡನಾಡಿನ ಹೆಸರನ್ನು ಹೊತ್ತ ಈ ಜಾತಿಯ ಚಿತ್ರವನ್ನು ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಮುದ್ರಿಸಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದರ ತಳಿಯನ್ನು ಕಾಪಾಡುವುದಕ್ಕಾಗಿ ಒಂದು ಸಂಶೋಧನ ಕೇಂದ್ರವೂ ಇದೆ. ನೀಳವಾದ ಕಾಲು, ಒಳಸೇರಿದ ಹೊಟ್ಟೆ, ಉದ್ದನೆಯ ಮೂತಿ. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲವೊಂದು ಓಡಿದರೆ ಸಾಕು, ಯಜಮಾನನ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಇಂತಹ ನಾಯಿಗೆ ಬಯಲಿನ ಓಟ ಬೇಕೇ ಬೇಕು. ಆದರೆ ರಾಣಿಬೆನ್ನೂರಿನ ಸುತ್ತಲಿನಂತೆ ಕೃಷ್ಣಮೃಗಗಳು ಮೇಯುವ ಬಯಲುಗಳಲ್ಲಿ ಅದನ್ನು ಬಿಡುವುದು ಅಪರಾಧ. ಬೇಲಿಯಿರುವ ತೋಟ, ಸುತ್ತುಗೋಡೆಯಿರುವ ಮೈದಾನ ಇವೇ ಅದಕ್ಕೆ ತಕ್ಕ ಜಾಗ. ಬೇಟೆಯ ನಾಯಿಯನ್ನು ಕಲ್ಲಿನಲ್ಲಿ ಕೆತ್ತಿ ಗೌರವಿಸಿದ ಕಾಲ ಬೇರೆ. ಬೇಟೆಯೇ ನಿಷಿದ್ಧವಾಗಿರುವ ಈ ಕಾಲ ಬೇರೆ.

ಬಯಲಿನ ದಾರಿಯಲ್ಲಿ ಎದುರಾಗುವ ಇನ್ನಿಬ್ಬರೆಂದರೆ ಕುರಿಯ ಮಂದೆ ಮತ್ತು ಊರ ನಾಯಿಗಳು. ಮಂದೆ ಬರುವುದನ್ನು ಕಂಡರೆ ದಾರಿಯಿಂದ ಇಳಿದು, ಹಗ್ಗವನ್ನು ಮೊಟಕಾಗಿ ಹಿಡಿದು, ಮಂದೆ ದಾಟುವವರೆಗೆ ನಿಲ್ಲುವುದು ಮರ್ಯಾದೆ. ಕುರುಬನ ನಾಯಿಗಳು ತಮ್ಮ ಕೆಲಸದ ಮೇಲೆ ಇರುತ್ತವೆ. ನಮ್ಮದು ವಿಹಾರಕ್ಕೆ ಬಂದುದು. ಊರ ನಾಯಿಗಳು ಗುಂಪಾಗಿ ಬಂದರೆ ಓಡಬಾರದು, ಕಲ್ಲೆಸೆಯಬಾರದು. ನಿಧಾನವಾಗಿ ಬಂದ ದಾರಿಗೆ ಹಿಂದಿರುಗಬೇಕು. ಅವು ತಮ್ಮ ಕೇರಿಯ ಎಲ್ಲೆಯನ್ನು ಕಾಯುತ್ತಿರುತ್ತವೆಯಾದುದರಿಂದ ಆ ಎಲ್ಲೆಯನ್ನು ದಾಟಿದ ಕೂಡಲೆ ಸಾಮಾನ್ಯವಾಗಿ ನಿಂತುಬಿಡುತ್ತವೆ.

ಬಯಲುಸೀಮೆಯಲ್ಲಿಯೇ ಎದ್ದುನಿಂತಿರುವ ಕಲ್ಲುಬೆಟ್ಟಗಳ ಮಾತು ಬೇರೆ. ಮಾಗಡಿಯ ಬಳಿಯ ಸಾವನದುರ್ಗವನ್ನೇ ತೆಗೆದುಕೊಳ್ಳಿ. ೪೦೦೦ ಅಡಿಗೂ ಮಿಕ್ಕ ಎತ್ತರದ ಆ ಬೆಟ್ಟ ಬಹುಮಟ್ಟಿಗೆ ಒಂದೇ ಕಲ್ಲಿನಂತೆ ಕಾಣುವ ಬರಿಯ ಬಂಡೆ. ಒಂದು ಕುಟುಂಬದವರು ಚೈತ್ರಮಾಸದ ಒಂದು ಭಾನುವಾರ ಎಂಟು ಗಂಟೆಗೆ ಇಂತಹ ಬೆಟ್ಟವನ್ನು ಹತ್ತತೊಡಗಿದರೆಂದು ಭಾವಿಸಿ. ನಾಯಿ ಹಿಗ್ಗಿನಿಂದ ಮುಂದೋಡುತ್ತದೆ, ಹಿಂದಕ್ಕೆ ಬಂದು ಮಕ್ಕಳನ್ನು ಎಣಿಸುತ್ತದೆ, ಮತ್ತೆ ಮುಂದೋಡುತ್ತದೆ. ಯಜಮಾನನು ಒಂದು ಮೈಲಿ ನಡೆಯುವಷ್ಟರಲ್ಲಿ ಅದು ಎರಡು ಮೂರು ಮೈಲಿ ಓಡಿರುತ್ತದೆ. ಹತ್ತು ಗಂಟೆಗೆ ಬಂಡೆ ಕಾಯುತ್ತದೆ. ಮರವಿಲ್ಲ. ಶೀಶೆಯ ನೀರು ಮಕ್ಕಳಿಗೇ ಸಾಲದು. ಮನುಷ್ಯರಿಗೆ ಕಾಲಿನಲ್ಲಿ ಪಾದರಕ್ಷೆಯಿದೆ; ಬಂಡೆಯಿಂದ ಐದಡಿ ಎತ್ತರದಲ್ಲಿರುವ ಅವರ ಮುಖಕ್ಕೆ ಗಾಳಿ ಬೀಸುತ್ತಿದೆ. ನಾಯಿಯ ಹೊಟ್ಟೆಯಾದರೋ ಕಾದ ಕಲ್ಲಿನಿಂದ ಒಂದು ಗೇಣಿನ ಎತ್ತರದಲ್ಲಿದೆ. ಮೇಲೆ ಮುಟ್ಟಿದವರು ‘ಎಷ್ಟು ಚೆನ್ನಾಗಿ ಹತ್ತಿತು!’ ಎಂದು ಅದನ್ನು ಹೊಗಳುತ್ತಿರುವಾಗಲೇ ಅದು ಕುಸಿಯುತ್ತದೆ. ಇಳಿಯುವ ದಾರಿ ಹತ್ತಿದಷ್ಟೇ ಉದ್ದವಿದೆ. ಇದರಲ್ಲಿ ಯಾರ ದುಷ್ಟತನವೂ ಇಲ್ಲ, ಪ್ರೀತಿಯಿಂದಲೇ ಕರೆದೊಯ್ದರು. ಆದರೆ ಪ್ರೀತಿಯು ವಿಚಾರದ ಕೆಲಸವನ್ನು ಮಾಡಲಾರದು.

ಬೆಟ್ಟವೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಶೀತಕಾಲದಲ್ಲಿ ಬೆಟ್ಟದ ಬುಡವನ್ನು ಬಳಸಿ ಹೋಗುವ ಕಾಲುದಾರಿಗಳಲ್ಲಿ ನಡೆದು, ಬಿಸಿಲೇರುವುದರೊಳಗಾಗಿ ಮರಳಬಹುದು. ಅಲ್ಲಿಯೂ ಎರಡು ಎಚ್ಚರಿಕೆಗಳು ಬೇಕು. ಕೋತಿಗಳಿರುವ ಕಡೆ ನಾಯಿಯನ್ನು ಬಿಟ್ಟರೆ ಜಗಳ ಖಂಡಿತ. ಗಂಡುಕೋತಿಯ ಹಲ್ಲು ನಾಯಿಯ ಹಲ್ಲಿಗಿಂತ ಕಡಿಮೆಯದಲ್ಲ. ಇದಕ್ಕಿಂತ ಗಂಭೀರವಾದುದು ಚಿರತೆಯ ಭಯ. ರಾಮನಗರ, ಮಾಗಡಿ, ತುಮಕೂರಿನ ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಚಿರತೆಗಳು ಇಂದಿಗೂ ಇವೆ. ನಾಯಿಯ ಮಾಂಸ ಅವಕ್ಕೆ ಪರಿಚಿತವಾದ ಆಹಾರ. ಮುಸ್ಸಂಜೆಯಿಂದ ಬೆಳಕು ಹರಿಯುವವರೆಗೆ ಇಂತಹ ಗುಡ್ಡಗಳ ಬಳಿ ನಾಯಿಯೊಡನೆ ಸುಳಿಯಲೇಬಾರದು. ಬಿಸಿಲಿಗೆ ಹೆದರಿ ಕತ್ತಲೆಯಲ್ಲಿ ಹೊರಡುವುದು ಒಂದು ಅಪಾಯವನ್ನು ತಪ್ಪಿಸಿಕೊಂಡು ಇನ್ನೊಂದರ ಬಾಯಿಗೆ ಬೀಳುವಂತಾಗುತ್ತದೆ. ಅರಣ್ಯ ಇಲಾಖೆಯ ವಶದಲ್ಲಿರುವ ಬೆಟ್ಟಗಳಿಗೆ ಅನುಮತಿಯ ಕಟ್ಟಳೆಗಳಿರುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗುವುದೂ ಅವಶ್ಯಕ.

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ನೆರಳಿಗೂ ನೀರಿಗೂ ಕೊರತೆಯಿಲ್ಲ. ಕಾಫಿ ತೋಟದೊಳಗಿನ ಮಣ್ಣಿನ ದಾರಿಗಳು, ಎರಡು ಬದಿಯಲ್ಲಿಯೂ ಮರಗಳ ಚಪ್ಪರವಿದ್ದು, ನಾಯಿಯ ಕಾಲಿಗೆ ಮೆತ್ತಗಾಗಿರುತ್ತವೆ. ತೋಟದ ಯಜಮಾನರ ಒಪ್ಪಿಗೆಯನ್ನು ಪಡೆದು, ಔಷಧ ಸಿಂಪಡಿಸಿದ ಭಾಗ ಯಾವುದೆಂದು ಕೇಳಿ ತಿಳಿದು ನಡೆಯಬೇಕು. ತೋಟದ ಅಂಚಿನಲ್ಲಿ ಹಂದಿಗಾಗಿ ಕಳ್ಳತನದಿಂದ ಒಡ್ಡಿದ ಉರುಳುಗಳೂ ಸಿಡಿಮದ್ದುಗಳೂ ಇರುವುದುಂಟು. ಮಾಂಸದ ವಾಸನೆಗೆ ಸಿಡಿಮದ್ದನ್ನು ಕಚ್ಚಿದ ನಾಯಿ ಬದುಕುವುದಿಲ್ಲ. ಕಾಡಾನೆ ಓಡಾಡುವ ಪ್ರದೇಶವಾದರೆ ನಾಯಿಯನ್ನು ಜೊತೆಗೆ ಒಯ್ಯದಿರುವುದೇ ಕ್ಷೇಮ. ಬಿಟ್ಟ ನಾಯಿ ಆನೆಯನ್ನು ಕಂಡು ಬೊಗಳಿ ಕೆಣಕುತ್ತದೆ. ಆನೆ ತಿರುಗಿ ಬಿದ್ದೊಡನೆ ರಕ್ಷಣೆಗಾಗಿ ಓಡಿಬರುವುದು ತನ್ನ ಯಜಮಾನನ ಕಾಲಿನ ಬಳಿಗೆ. ಅದರ ಬೆನ್ನ ಹಿಂದೆ ಆನೆಯೂ ಬರುತ್ತದೆ. ಕರಡಿಯ ವಿಷಯದಲ್ಲಿಯೂ ಹೀಗೆಯೇ.

ಮಲೆನಾಡಿನ ಸಣ್ಣ ಶತ್ರುಗಳು ದೊಡ್ಡವುಗಳಿಗಿಂತ ಹೆಚ್ಚು ಕಾಡುತ್ತವೆ. ಮಳೆಗಾಲಕ್ಕೆ ಇಂಬಳ, ಬೇಸಗೆಗೆ ಉಣ್ಣೆ. ಇಂಬಳವು ರಕ್ತವನ್ನು ಹೀರಿ ತಾನಾಗಿ ಬೀಳುತ್ತದೆ. ಆದರೆ ಮೂಗಿನ ಹೊಳ್ಳೆಯೊಳಕ್ಕೆ ಹೊಕ್ಕರೆ ಉಪದ್ರವ ಹೆಚ್ಚು. ಉಣ್ಣೆಯಾದರೋ ರೋಗವನ್ನೇ ಹೊತ್ತು ತರುತ್ತದೆ. ನಾಯಿಯ ಉಣ್ಣೆಜ್ವರಗಳಲ್ಲಿ ರಕ್ತ ಕ್ಷೀಣಿಸಿ, ಊಟ ಬಿಟ್ಟು, ಚಿಕಿತ್ಸೆ ತಡವಾದರೆ ಸಾವು ಬರುತ್ತದೆ. ಮನುಷ್ಯರ ದೃಷ್ಟಿಯಿಂದಲೂ ಇದು ಮುಖ್ಯ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಕಾಡಿನ ಉಣ್ಣೆಗಳಿಂದಲೇ ಹರಡುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಆ ತಿಂಗಳುಗಳಲ್ಲಿ ಕಾಯಿಲೆಯ ಸುದ್ದಿಯಿರುವ ಕಾಡಿನ ಅಂಚಿಗೆ ನಾಯಿಯನ್ನು ಒಯ್ದರೆ, ಅದರ ಕೂದಲಿನಲ್ಲಿ ಕುಳಿತ ಉಣ್ಣೆಗಳು ನಮ್ಮ ನಡುಮನೆಗೇ ಬರಬಹುದು. ಪಶುವೈದ್ಯರು ಹೇಳಿದ ಉಣ್ಣೆಯ ಔಷಧವನ್ನು ತಪ್ಪದೆ ಕೊಡುವುದು, ಮನೆಗೆ ಬಂದೊಡನೆ ಕಿವಿಯ ಒಳಮಡಿಕೆ, ಕುತ್ತಿಗೆ, ಕಂಕುಳು, ಬೆರಳುಗಳ ಸಂದಿಗಳನ್ನು ತಡವಿ ನೋಡುವುದು, ಕಚ್ಚಿದ ಉಣ್ಣೆಯನ್ನು ಬೆರಳಿನಿಂದ ಹಿಚುಕದೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಕೀಳುವುದು: ಇಷ್ಟನ್ನು ಮಲೆನಾಡಿನ ಪ್ರತಿಯೊಂದು ಮನೆಯೂ ರೂಢಿಸಿಕೊಳ್ಳಬೇಕು.

ಘಟ್ಟವನ್ನಿಳಿದು ಕರಾವಳಿಗೆ ಬಂದರೆ ಕಡಲತೀರದ ಒದ್ದೆ ಮರಳು ನಾಯಿಯ ಪಾಲಿಗೆ ಸ್ವರ್ಗ. ಕಾರವಾರದಿಂದ ಮಂಗಳೂರಿನವರೆಗೆ ಮೈಲಿಗಟ್ಟಲೆ ಹಬ್ಬಿರುವ ತೀರದಲ್ಲಿ ಬೆಳಗಿನ ಜಾವ ಜನಸಂಚಾರ ಕಡಿಮೆ; ನೆಲ ತಂಪು. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ತೀರಕ್ಕೂ ಅಲ್ಲಿಂದ ಮುಂದಕ್ಕೂ ಗುಡ್ಡದ ಮೇಲೆ ಹೋಗುವ ಕಾಲುದಾರಿ ಪ್ರಸಿದ್ಧವಾದುದು, ಆದರೆ ಅದರ ಕೆಲವು ಭಾಗಗಳಲ್ಲಿ ಕಲ್ಲು ಒರಟು, ಪಕ್ಕದಲ್ಲಿ ಕಡಿದಾದ ಇಳಿಜಾರು, ಹಗ್ಗವಿಲ್ಲದೆ ನಡೆಯಿಸಬಾರದು. ಓಡಾಡಿ ಬಾಯಾರಿದ ನಾಯಿ ಕಡಲ ನೀರನ್ನೇ ಕುಡಿಯುತ್ತದೆ. ಅದರಿಂದ ವಾಂತಿಭೇದಿಗಳು ಆಗುತ್ತವೆ. ಹೆಚ್ಚಾದರೆ ಪ್ರಾಣಾಪಾಯವೂ ಉಂಟು. ಸಿಹಿನೀರನ್ನು ಒಯ್ದು ಆಗಾಗ ಕುಡಿಸುತ್ತಿರುವುದೇ ಮದ್ದು. ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. ಉತ್ತರಕನ್ನಡದ ತೀರಗಳಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಆ ಗೂಡುಗಳನ್ನು ಬಗೆದು ಹಾಳುಮಾಡುವುದರಲ್ಲಿ ನಾಯಿಗಳದು ದೊಡ್ಡ ಪಾಲು. ಗೂಡಿಗೆ ಬೇಲಿ ಕಟ್ಟಿದ ಗುರುತು ಕಂಡರೆ ಅಲ್ಲಿಂದ ದೂರವೇ ನಡೆಯಬೇಕು.

ಇಲ್ಲಿಯವರೆಗೆ ಎಚ್ಚರದಿಂದ ಹೋಗಬಹುದಾದ ದಾರಿಗಳ ವಿಷಯವನ್ನು ಹೇಳಿದೆವು. ಎಷ್ಟು ಎಚ್ಚರವಿದ್ದರೂ ಹೋಗಬಾರದ ದಾರಿಗಳೂ ಇವೆ. ಬಂಡೀಪುರ, ನಾಗರಹೊಳೆ, ಕುದುರೆಮುಖ, ಬನ್ನೇರುಘಟ್ಟ ಈ ರಾಷ್ಟ್ರೀಯ ಉದ್ಯಾನಗಳಿಗೂ ಕುಮಾರಪರ್ವತವನ್ನು ಒಳಗೊಂಡ ಪುಷ್ಪಗಿರಿಯಂತಹ ಅಭಯಾರಣ್ಯಗಳಿಗೂ ಸಾಕುನಾಯಿಯನ್ನು ಒಯ್ಯುವಂತಿಲ್ಲ. ‘ನಮ್ಮ ನಾಯಿ ಸಾಧು, ಯಾರಿಗೂ ತೊಂದರೆ ಮಾಡದು’ ಎಂದು ಆಕ್ಷೇಪಿಸುವವರುಂಟು. ನಾಯಿ ಸಾಧುವಾಗಿರಬಹುದು, ಅದರ ಮೈಯಲ್ಲಿರುವ ರೋಗ ಸಾಧುವಲ್ಲ. ನಾಯಿಗಳಲ್ಲಿ ಹರಡುವ ಡಿಸ್ಟೆಂಪರ್ ಎಂಬ ರೋಗದ ವೈರಸ್ಸು ೧೯೯೪ರಲ್ಲಿ ಆಫ್ರಿಕದ ಸೆರೆಂಗೆಟಿಯ ಸಿಂಹಗಳಿಗೆ ತಗಲಿ, ಅವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸತ್ತವು. ೨೦೧೮ರಲ್ಲಿ ನಮ್ಮ ದೇಶದ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ೨೦ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವೈರಸ್ಸು ಅವುಗಳಲ್ಲಿ ಕಂಡುಬಂದಿತು. ನಮ್ಮ ಕಾಡುಗಳ ಸೀಳುನಾಯಿ, ನರಿ, ಚಿರತೆಗಳಿಗೂ ಇದರಿಂದ ರಕ್ಷಣೆಯಿಲ್ಲ. ಇತರ ದೇಶಗಳೂ ಈ ವಿಷಯದಲ್ಲಿ ಸಡಿಲವಾಗಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿಗೆ ಪ್ರವೇಶವಿರುವ ಕಡೆಯೂ ಹಗ್ಗ ಆರಡಿಗಿಂತ ಉದ್ದವಾಗಿರಕೂಡದು. ಇಂಗ್ಲೆಂಡಿನಲ್ಲಿ ೨೦೦೦ದ ಕಾಯಿದೆಯಂತೆ ಸಾರ್ವಜನಿಕರಿಗೆ ತೆರೆದ ಬಯಲುಗಳಲ್ಲಿ, ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳ ಹಿತಕ್ಕಾಗಿ, ಮಾರ್ಚಿಯಿಂದ ಜುಲೈ ಕೊನೆಯವರೆಗೆ ನಾಯಿಯನ್ನು ಮೊಟಕು ಹಗ್ಗದಲ್ಲಿಯೇ ಹಿಡಿದಿರಬೇಕು.

ಬೆಟ್ಟ ಹತ್ತುವವರ ಬೆನ್ನುಹತ್ತಿ ಬುಡದ ಊರಿನ ನಾಯಿಗಳು ಕಾಡಿನೊಳಕ್ಕೆ ಬರುವುದನ್ನು ಅನೇಕರು ಕಂಡಿರಬಹುದು. ತರುಣರು ಅದನ್ನು ಮೆಚ್ಚಿ ಬಿಸ್ಕತ್ತು ಹಾಕುತ್ತಾರೆ. ಅದು ಶಿಖರದವರೆಗೂ ಬರುತ್ತದೆ. ಧರ್ಮರಾಯನ ಕಥೆಯನ್ನು ನೆನೆದು ಸಂತೋಷಪಡುವುದಕ್ಕೆ ಮುಂಚೆ, ಆ ನಾಯಿಯನ್ನು ಧರ್ಮರಾಯನು ನಡುದಾರಿಯಲ್ಲಿ ಬಿಡಲಿಲ್ಲವೆಂಬುದನ್ನೂ ನೆನೆಯಬೇಕು. ಮರ ಹತ್ತಿದವನನ್ನು ಏಣಿ ತೆಗೆದು ಕೈಬಿಟ್ಟಂತೆ, ಇವರು ಇನ್ನೊಂದು ಕಡೆಯಿಂದ ಇಳಿದು ಬಸ್ಸು ಹತ್ತಿದರೆ ಆ ನಾಯಿಯ ಗತಿಯೇನು? ಕಾಡಿನ ಬಾಗಿಲಲ್ಲಿಯೇ ಅದನ್ನು ಹಿಂದಕ್ಕೆ ಕಳುಹಿಸುವುದು ನಿಜವಾದ ದಯೆ.

ಪಟ್ಟಣವಾಸಿಗಳಿಗೆ ನಿತ್ಯವೂ ದೂರ ಹೋಗುವುದು ಸಾಧ್ಯವಿಲ್ಲ. ಬೆಂಗಳೂರಿನಲ್ಲಿ ೧೮೭೦ರಲ್ಲಿ ಆರಂಭವಾದ ಕಬ್ಬನ್ ಪಾರ್ಕಿನ ಮರಗಳ ನೆರಳು ಬಹುಕಾಲದಿಂದ ನಾಯಿಯೊಡನೆ ತಿರುಗಾಡುವವರಿಗೆ ಆಶ್ರಯವಾಗಿದೆ. ನಾಯಿಗಳಿಗೆಂದೇ ಬೇಲಿ ಕಟ್ಟಿದ ಒಂದು ಭಾಗವೂ ಅಲ್ಲಿದೆ. ಕಾಳಿಯ ಕಲ್ಲನ್ನು ಇಟ್ಟಿರುವ ವಸ್ತುಸಂಗ್ರಹಾಲಯ ಅದಕ್ಕೆ ಹೊಂದಿಕೊಂಡೇ ಇದೆ. ಲಾಲ್‌ಬಾಗಿನಲ್ಲಿಯಾದರೋ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಇಂತಹ ಕಡೆಗಳಲ್ಲಿ ನಿಯಮಗಳು ಆಗಾಗ ಬದಲಾಗುವುದರಿಂದ ಬಾಗಿಲಿನ ಹಲಗೆಯನ್ನು ಓದಿಯೇ ಒಳಗೆ ಕಾಲಿಡಬೇಕು. ಎಲ್ಲಿಯೇ ಆಗಲಿ ನಾಯಿಯ ಮಲವನ್ನು ಕಾಗದದಲ್ಲಿಯೋ ಚೀಲದಲ್ಲಿಯೋ ಎತ್ತಿ ತೊಟ್ಟಿಗೆ ಹಾಕುವುದು ಸಾಕಿದವರ ಹೊಣೆ. ಇದನ್ನು ಕೀಳು ಕೆಲಸವೆಂದು ಬಗೆಯುವವರು ನಾಯಿಯನ್ನು ಸಾಕದಿರುವುದು ವಾಸಿ. ನೆರೆಯವರ ಅಸಮಾಧಾನ ಬೆಳೆದಷ್ಟೂ ನಾಯಿಗಳಿಗೆ ಮುಚ್ಚುವ ಬಾಗಿಲುಗಳು ಹೆಚ್ಚುತ್ತವೆ.

ಹೊರಡುವುದಕ್ಕೆ ಮುಂಚಿನ ಸಿದ್ಧತೆಯನ್ನು ಗೃಹಿಣಿಯರ ಅನುಕೂಲಕ್ಕಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿ ಮೂರು ತಿಂಗಳದಾದಾಗ ಹಾಕಿಸಿ, ವೈದ್ಯರು ಹೇಳಿದಂತೆ ಮರುಕಳಿಸುತ್ತಿರಬೇಕು. ರೋಗದ ಚಿಹ್ನೆಗಳು ಕಾಣಿಸಿಕೊಂಡ ಮೇಲೆ ನಾಯಿಗಾಗಲಿ ಮನುಷ್ಯನಿಗಾಗಲಿ ಅದರಿಂದ ಬಿಡುಗಡೆಯಿಲ್ಲ. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಇವುಗಳ ಲಸಿಕೆಗಳೂ ಪೂರ್ತಿಯಾಗುವವರೆಗೆ ಮರಿಯನ್ನು ಅಪರಿಚಿತ ನಾಯಿಗಳು ತಿರುಗುವ ಕಡೆಗೆ ಒಯ್ಯಬಾರದು. ಒಂದು ವರ್ಷ ತುಂಬುವವರೆಗೆ, ದೊಡ್ಡ ಜಾತಿಗಳಾದರೆ ಒಂದೂವರೆ ವರ್ಷದವರೆಗೆ, ಎಲುಬು ಕೀಲುಗಳು ಬಲಿತಿರುವುದಿಲ್ಲ. ದೂರದ ಏರುದಾರಿ ಬೇಡ. ಮುದಿನಾಯಿಗೆ ದಿನಕ್ಕೆ ಎರಡು ಸಲ ಸಣ್ಣ ನಡಿಗೆ ಸಾಕು. ಹೊಟ್ಟೆ ತುಂಬ ಉಣ್ಣಿಸಿ ಕೂಡಲೆ ಓಡಿಸಬಾರದು. ೧೦ ಕಿಲೋ ತೂಕದ ನಾಯಿಗೆ ಮನೆಯಲ್ಲಿ ಸುಮ್ಮನಿದ್ದಾಗಲೇ ದಿನಕ್ಕೆ ಅರ್ಧ ಲೀಟರಿನಷ್ಟು ನೀರು ಬೇಕು. ನಡೆಯುವ ದಿನ ಅದಕ್ಕಿಂತ ಹೆಚ್ಚು ಬೇಕಾಗುವುದರಿಂದ ಅದರ ಪಾಲಿನ ಶೀಶೆಯನ್ನು ಬೇರೆಯಾಗಿಯೇ ತುಂಬಿಡಿ. ಕೊರಳಪಟ್ಟಿಯ ಬಿಲ್ಲೆಯ ಮೇಲೆ ಮನೆಯ ದೂರವಾಣಿಯ ಸಂಖ್ಯೆಯಿರಲಿ. ಬುತ್ತಿಯ ವಿಷಯದಲ್ಲಿಯೂ ಎಚ್ಚರ ಬೇಕು: ಈರುಳ್ಳಿ ಹಾಕಿದ ಚಿತ್ರಾನ್ನ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಇವು ನಮಗೆ ರುಚಿ, ನಾಯಿಗೆ ವಿಷ. ಅದಕ್ಕೆ ಬೇರೆಯಾಗಿ ನಾಲ್ಕು ತುತ್ತು ಮೊಸರನ್ನವನ್ನು ಕಟ್ಟಿಕೊಳ್ಳಬಹುದು.

ಕೊನೆಯದಾಗಿ ಒಂದು ಮಾತು. ಅನೇಕ ಮನೆಗಳಲ್ಲಿ ನಾಯಿಯನ್ನು ತಿರುಗಾಡಿಸುವ ಕೆಲಸ ಆಳಿಗೋ ಮನೆಯ ಸಣ್ಣ ಹುಡುಗನಿಗೋ ಸೇರಿದೆ. ಆಳು ಬೀದಿಯ ಕೊನೆಯವರೆಗೆ ಹೋಗಿ, ಪರಿಚಿತರೊಡನೆ ಮಾತನಾಡಿ ಹಿಂದಿರುಗುತ್ತಾನೆ. ಹುಡುಗನನ್ನು ದೊಡ್ಡ ನಾಯಿಯೇ ಎಳೆದಾಡುತ್ತದೆ. ವಾರಕ್ಕೆ ಒಂದು ದಿನವಾದರೂ ಮನೆಯ ಹಿರಿಯರು ತಾವೇ ಹಗ್ಗವನ್ನು ಹಿಡಿದು ಹೊರಡಲಿ. ದೂರ ಬೇಡ, ಎತ್ತರ ಬೇಡ. ಕೆರೆಯ ಏರಿಯ ಮೇಲೆ ಒಂದು ಗಂಟೆ ಸಾಕು. ನಾಯಿ ಮೂಸಿ ನೋಡಬೇಕೆಂದು ನಿಂತಲ್ಲಿ ನಿಲ್ಲಿ. ಅದರ ಮೂಗಿಗೆ ಆ ಪೊದೆಯೇ ಒಂದು ವಾರ್ತಾಪತ್ರಿಕೆ. ಅದು ಏದತೊಡಗಿದಾಗ ನೆರಳಿನಲ್ಲಿ ಕುಳಿತುಕೊಳ್ಳಿ. ಅದರ ಹೆಜ್ಜೆ ನಿಧಾನವಾದೊಡನೆ, ನಿಮಗೆ ಇನ್ನೂ ನಡೆಯುವ ಆಸೆಯಿದ್ದರೂ, ಮನೆಯ ಕಡೆಗೆ ತಿರುಗಿ. ಹೆಚ್ಚು ನಡೆಯುವುದನ್ನು ಯಾವ ನಾಯಿಗೂ ಕಲಿಸಬೇಕಾಗಿಲ್ಲ. ಎಲ್ಲಿ ತಿರುಗಬೇಕೆಂಬುದನ್ನು ಯಜಮಾನನು ಮಾತ್ರ ಕಲಿಯಬೇಕು.